ರಬ್ಬರಮ್ಮನೂ ನಮ್ಮ ಅತ್ತಿಗೆಯೂ

ನಾನು ನಡುಮನೆಯ ಮಂಚದ ಮೇಲೆ ಅಂಗಾತ ಮಲಗಿ, ಹೊಟ್ಟೆಗೆ ದಿಂಬು ಕಟ್ಟಿಕೊಂಡು, "ಅಯ್ಯಯ್ಯೋ ಸಿಸ್ಟರ್, ಕಣ್ಣು ಕತ್ತಲೆ ಬರ್ತಾ ಇದೆ, ನಾನು ಉಳಿಯಲ್ಲ" ಎಂದು ನರಳುತ್ತಿದ್ದಾಗ ಗ್ಯಾಸ್ ಸಿಲಿಂಡರಿನವನು ಒಳಗೆ ಬಂದ.

ಬಾಗಿಲು ತೆರೆದೇ ಇತ್ತು. ಹೆರಿಗೆಗೆ ಮಲಗುವ ಗಂಡಸು ಮೊದಲು ಚಿಲಕ ಹಾಕಿಕೊಳ್ಳಬೇಕು ಎಂಬ ಸಾಮಾನ್ಯ ಜ್ಞಾನ ನನಗಿರಲಿಲ್ಲ. ಅವನು ಹೆಗಲ ಮೇಲಿನ ಸಿಲಿಂಡರನ್ನು ಇಳಿಸುವುದನ್ನೂ ಮರೆತು ನನ್ನ ಮೀಸೆ ನೋಡಿದ, ದಿಂಬು ನೋಡಿದ, ಆ ದಿಂಬನ್ನು ಚಪಾತಿ ಹಿಟ್ಟಿನಂತೆ ನಾದುತ್ತಿದ್ದ ನಮ್ಮ ಅತ್ತಿಗೆಯನ್ನು ನೋಡಿದ.

"ಮೇಡಂ, ಆಮೇಲೆ ಬರ್ಲಾ?"

"ಒಳಗಿಡಿ," ಎಂದರು ಅತ್ತಿಗೆ, ತಲೆಯೆತ್ತದೆ. "ಇವರಿಗಿನ್ನೂ ರಕ್ತ ನಿಂತಿಲ್ಲ."

ಅವನು ಹೊಸ ಸಿಲಿಂಡರ್ ಇಟ್ಟು, ಖಾಲಿಯದನ್ನು ಒಯ್ಯದೆ ಓಡಿದ. ಸಂಜೆ ಕ್ಷೌರದಂಗಡಿಗೆ ಹೋದರೆ ಕುರ್ಚಿಯಲ್ಲಿ ಕೂತವರೊಬ್ಬರು ಕನ್ನಡಿಯಲ್ಲಿ ನನ್ನನ್ನು ಕಂಡು, ನೊರೆ ಮೆತ್ತಿದ ಬಾಯಿಂದಲೇ, "ಗಂಡೋ ಹೆಣ್ಣೋ ಸಾರ್?" ಎಂದು ವಿಚಾರಿಸಿದರು. ಹಾಸ್ಯ ಬರೆದು ಹೊಟ್ಟೆ ಹೊರೆಯುವವನ ಹೊಟ್ಟೆಯೇ ಹಾಸ್ಯವಾದರೆ ದೂರುವುದು ಯಾರನ್ನು?

ಆದರೆ ಆ ದಿಂಬಿನ ಹಿಂದೆ ಇದ್ದದ್ದು ನಗೆಯ ವಿಷಯವಲ್ಲ. ಅತ್ತಿಗೆಯ ಕೆಲಸ ಹೋಗುವುದರಲ್ಲಿತ್ತು. ಸಂಬಳವೇನೂ ನಿಲ್ಲುತ್ತಿರಲಿಲ್ಲ, ಆದರೆ ಹೆರಿಗೆ ಕೋಣೆ ಕೈತಪ್ಪುತ್ತಿತ್ತು. ಅವರ ಮಟ್ಟಿಗೆ ಕೆಲಸವೆಂದರೆ ಅದೊಂದೇ.

ಅತ್ತಿಗೆ ನಮ್ಮೂರಿನ ಕೊನೆಯಲ್ಲಿರುವ ಸಣ್ಣ ಆಸ್ಪತ್ರೆಯ ಹಿರಿಯ ನರ್ಸು. ಹೆಂಚಿನ ಮಾಡಿನ ಉದ್ದನೆಯ ಕಟ್ಟಡ. ಒಂದು ತುದಿಗೆ ಔಷಧಿ ಕೌಂಟರು, ಇನ್ನೊಂದು ತುದಿಗೆ ಹೆರಿಗೆ ಕೋಣೆ, ಅದರೆದುರು ಓಣಿಯಷ್ಟು ಜಾಗ ಬಿಟ್ಟು ಬಾಣಂತಿಯರ ವಾರ್ಡು. ಹೆರಿಗೆ ಕೋಣೆಯ ಗೋಡೆಗೆ ಎದೆಯೆತ್ತರದವರೆಗೆ ಬಿಳಿ ಟೈಲ್ಸು. ಕಿಟಕಿಯ ಗಾಜಿಗೆ ಬಳಿದ ಹಸಿರು ಬಣ್ಣದ ಮೂಲೆಯಲ್ಲಿ ಉಗುರಿನಿಂದ ಕೆರೆದ ಒಂದು ಬಿಲ್ಲೆಯಷ್ಟು ಜಾಗವಿದೆ. ಹೊರಗೆ ಕಾಯುವ ಗಂಡಂದಿರ ಕಸುಬು ಅದು. ಊರಿನ ಒಂದು ತಲೆಮಾರು ಅಳುತ್ತಾ ಹೊರಬಿದ್ದದ್ದು ಆ ಕೋಣೆಯಲ್ಲಿ, ಅತ್ತಿಗೆಯ ಕೈಮೇಲೆ. ಅವರೊಡನೆ ಬೀದಿಯಲ್ಲಿ ನಡೆದರೆ ದೊಡ್ಡ ದೊಡ್ಡ ಮನುಷ್ಯರ ಗುಟ್ಟೆಲ್ಲ ಬಯಲಾಗುತ್ತದೆ. ಒಮ್ಮೆ ಬ್ಯಾಂಕಿನ ಮ್ಯಾನೇಜರು ಎದುರು ಬಂದು ನಮಸ್ಕಾರ ಹಾಕಿ ಹೋದ. ಅವನು ಮರೆಯಾದ ಮೇಲೆ ಅತ್ತಿಗೆ ಹೇಳಿದರು: "ಹುಟ್ಟುವಾಗ ಕೊರಳಿಗೆ ಹೊಕ್ಕುಳಬಳ್ಳಿ ಸುತ್ಕೊಂಡು ಬಂದಿದ್ದ. ಈಗ ಟೈ ಕಟ್ಕೊಂಡಿದಾನೆ. ಅಭ್ಯಾಸ."

ಅವರಿಂದ ಒಂದೇ ಉಸಿರಿಗೆ ಅಷ್ಟು ಮಾತು ಬಂದದ್ದು ಆ ವರ್ಷದಲ್ಲಿ ಅದೇ ಮೊದಲು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಅತ್ತಿಗೆ ಮೈಮೇಲೆ ಒಡವೆ ಹಾಕುವವರಲ್ಲ, ಬಂಗಾರವೆಲ್ಲ ಬಾಯಲ್ಲಿತ್ತು. ಅದಕ್ಕೆ ಕಾರಣ ಅವರ ತಂದೆ. ಅವರು ಗಡಿಯಾರ ರಿಪೇರಿ ಮಾಡುತ್ತಿದ್ದರು. ಅಂಗಡಿಯಲ್ಲಿ ಯಾರೂ ಬಾಯಿ ತೆರೆಯುವಂತಿರಲಿಲ್ಲವಂತೆ. ಜೋರಾಗಿ ಮಾತಾಡಿದರೆ ಸಾಸಿವೆ ಗಾತ್ರದ ತಿರುಪು ಹಾರಿ ನೆಲದ ಬಿರುಕು ಸೇರುತ್ತಿತ್ತು. ಚಿಕ್ಕವರಿದ್ದಾಗ ಅತ್ತಿಗೆ ಪಕ್ಕದಲ್ಲಿ ಕೂತು ಚಿಮಟ ಕೊಡುವುದು, ದೀಪ ಹಿಡಿಯುವುದು. ತಂದೆ ತಲೆಯೆತ್ತದೆ ಅಂಗೈ ಚಾಚಿದರೆ ಸಾಕು, ಬೇಕಾದ ಸಾಮಾನು ಬೇಕಾದ ಗಳಿಗೆಗೆ ಅದರ ಮೇಲೆ ಬರಬೇಕು. ಆ ಅಂಗೈ ಚಾಚುವ ಅಭ್ಯಾಸವನ್ನೇ ಅತ್ತಿಗೆ ಹೆರಿಗೆ ಕೋಣೆಗೂ ತಂದರು. ತಿರುಗಿ ನೋಡುವುದಿಲ್ಲ, ಕೇಳುವುದಿಲ್ಲ. ಕೈ ಹಿಂದಕ್ಕೆ ಚಾಚುತ್ತಾರೆ. ಆಯಾ ಅದರ ಮೇಲೆ ಕತ್ತರಿಯನ್ನೋ ಹತ್ತಿಯನ್ನೋ ಇಡುತ್ತಾಳೆ. ವರ್ಷಗಟ್ಟಲೆ ಹೀಗೆ ನಡೆದಿತ್ತು.

ಇಂಥವರನ್ನು ನಮ್ಮಣ್ಣ ಮದುವೆಯಾದ. ಅಣ್ಣ ಬಸ್ ಕಂಡಕ್ಟರು. ಮನೆಯ ಮಾತಿನ ಪಾಲನ್ನೆಲ್ಲ ಅವನೊಬ್ಬನೇ ನಿರ್ವಹಿಸುತ್ತಾನೆ. ಉಳಿದ ಚೂರುಪಾರು ನನ್ನದು.

ಹೀಗಿರುವಾಗ ಒಂದು ದಿನ ಆಸ್ಪತ್ರೆಗೆ ತರಬೇತಿ ಮೇಡಂ ಬಂದರು. ಹಳ್ಳಿಯ ಆಸ್ಪತ್ರೆಗಳ ನರ್ಸುಗಳಿಗೆ ಅಪಾಯದ ಹೊತ್ತಿನ ಅಭ್ಯಾಸ, ಅಂದರೆ ಡ್ರಿಲ್ಲು, ಮಾಡಿಸುವುದು ಅವರ ಕೆಲಸ. ವಯಸ್ಸು ಚಿಕ್ಕದು, ಸೂಟ್‌ಕೇಸು ದೊಡ್ಡದು. ಅದರ ಸಂದಿನಿಂದ ಕಾಲು ಹೊರಗೆ ಇಣುಕಿದ್ದನ್ನು ಕಂಡು ಆಯಾ ಚೀರಿ ಕಸಬರಿಗೆ ಎತ್ತಿಕೊಂಡಳಂತೆ. ಒಳಗಿದ್ದದ್ದು ಆಳೆತ್ತರದ ರಬ್ಬರ್ ಹೆಂಗಸು. ಹೊಟ್ಟೆಯೊಳಗೆ ಚೀಲ, ಚೀಲಕ್ಕೆ ಕೊಳವೆ, ಕೊಳವೆಗೆ ಕೈಯಲ್ಲಿ ಅದುಮುವ ಚೆಂಡಿನಂಥ ರಬ್ಬರ್ ಬುರುಡೆ. ಅದುಮಿದರೆ ಗುಲಾಬಿ ಬಣ್ಣದ ನೀರು ಹೆರಿಗೆಯ ನಂತರದ ರಕ್ತಸ್ರಾವದಂತೆ ಹರಿಯುತ್ತದೆ. ಆಯಾ ಅವಳಿಗೆ ಅಂದೇ ರಬ್ಬರಮ್ಮ ಎಂದು ಹೆಸರಿಟ್ಟಳು.

"ಇವರನ್ನ ಬೊಂಬೆ ಅಂದ್ಕೋಬೇಡಿ. ನಿಮ್ಮ ಪೇಷಂಟು ಅಂತಲೇ ತಿಳ್ಕೊಳ್ಳಿ," ಎಂದರು ಮೇಡಂ. "ರಕ್ತ ಹೋಗ್ತಿದೆ ಅಂತ ಕಂಡ ತಕ್ಷಣ ಎಲ್ಲರಿಗೂ ಕೇಳೋ ಹಾಗೆ ಸಹಾಯ ಕೂಗ್ಬೇಕು. ಯಾರಿಗೆ ಏನು ಹೇಳ್ತೀರೋ ಅವರು ಅದನ್ನ ತಿರುಗಿ ಹೇಳ್ಬೇಕು, ಮಾಡಿ ಆದ ಮೇಲೆ ಆಯ್ತು ಅಂತ ಹೇಳ್ಬೇಕು. ಮನಸ್ಸಲ್ಲಿ ಮಾಡೋದು ಲೆಕ್ಕಕ್ಕಿಲ್ಲ." ಆಮೇಲೆ ಒಂದು ಟ್ರೇ ತೋರಿಸಿದರು. ಅದಕ್ಕೂ ಅದರೊಳಗಿನ ಇಂಜೆಕ್ಷನ್ ಸೀಸೆಗಳಿಗೂ ಹಳದಿ ಪಟ್ಟಿ ಅಂಟಿಸಿತ್ತು. "ಇದು ಡ್ರಿಲ್‌ಗೆ ಮಾತ್ರ. ಒಳಗಿರೋದು ಬರೀ ನೀರು. ಇನ್ನೊಂದು ಮಾತು. ಡ್ರಿಲ್ ನಡುವೆ ನಿಜವಾಗ್ಲೂ ಯಾರಿಗಾದ್ರೂ ಏನಾದ್ರೂ ಆದ್ರೆ 'ಡ್ರಿಲ್ ನಿಲ್ಲಿಸಿ, ಇದು ನಿಜ' ಅಂತ ಕೂಗಿ. ಆ ಮಾತು ಕೇಳಿದ್ರೆ ಎಲ್ಲಾರೂ ಆಟ ಬಿಟ್ಟುಬಿಡ್ಬೇಕು."

ಮೊದಲ ಡ್ರಿಲ್‌ನಲ್ಲಿ ಅತ್ತಿಗೆ ರಬ್ಬರಮ್ಮನ ರಕ್ತ ನಿಲ್ಲಿಸಿದರು. ಎಲ್ಲವನ್ನೂ ಮಾಡಿದರು, ಸರಿಯಾಗಿಯೇ ಮಾಡಿದರು, ತುಟಿ ಪಿಟಕ್ಕೆನ್ನದೆ ಮಾಡಿದರು. ಉಳಿದವರು ಮದುವೆ ಮನೆಗೆ ತಪ್ಪಿ ಬಂದ ಅಪರಿಚಿತರಂತೆ ಗೋಡೆಗೆ ಅಂಟಿ ನಿಂತಿದ್ದರು.

"ಸಿಸ್ಟರ್, ನಿಮ್ಮ ಕೈಕೆಲಸದಲ್ಲಿ ತಪ್ಪಿಲ್ಲ," ಎಂದರು ಮೇಡಂ. "ಆದ್ರೆ ಏನಾಗ್ತಿದೆ ಅಂತ ಕೋಣೇಲಿ ಯಾರಿಗೂ ಗೊತ್ತಾಗ್ಲಿಲ್ಲ. ನೀವೇ ತಲೆಸುತ್ತಿ ಬಿದ್ರೆ?"

"ಬೀಳ್ಲಿಲ್ಲ."

"ಸರಿ. ಡ್ರಿಲ್ ಮಾಡ್ವಾಗ ನಿಮಗೆ ಹೇಗನ್ನಿಸ್ತು?"

"ಸೆಕೆ ಅನ್ನಿಸ್ತು."

ಮೇಡಂ ಹಾಳೆಯ ಮೇಲೆ ಫೇಲು ಎಂದು ಬರೆದರು. ಅವರದೂ ತಪ್ಪಲ್ಲ, ಕೂಗು ಇಲ್ಲ, ತಿರುಗಿ ಹೇಳುವುದು ಇಲ್ಲ, ಅರ್ಧಕ್ಕರ್ಧ ಅಂಕ ಅಲ್ಲೇ ಹೋಗಿತ್ತು. ಎರಡನೇ ಸಲವೂ ಪಾಸಾಗದವರನ್ನು ಹೆರಿಗೆ ಕೋಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಲಸಿಕೆ ಕೋಣೆಗೆ ಹಾಕಬೇಕು ಎಂದು ಮೇಲಿನಿಂದ ಆದೇಶವಿದೆಯೆಂದು ಡಾಕ್ಟರು ತಲೆ ತಗ್ಗಿಸಿಕೊಂಡು ಹೇಳಿದರು.

ಆ ದಿನ ಊಟಕ್ಕೆ ಕೂತಾಗ ಅತ್ತಿಗೆ ತಟ್ಟೆ ನೋಡುತ್ತಲೇ ಹೇಳಿದರು: "ನನ್ನನ್ನ ಲಸಿಕೆ ಕೋಣೆಗೆ ಹಾಕ್ತಾರಂತೆ."

ನಮ್ಮಣ್ಣನ ಬಾಯಿ ಮುಚ್ಚಿದ್ದನ್ನು ನಾನು ಅವತ್ತು ಕಂಡೆ. ಬಾಯಲ್ಲಿದ್ದ ತುತ್ತು ನುಂಗಿ ಅವನು ಕೇಳಿದ: "ಅಲ್ಲ ಕಣೇ, ಗಟ್ಟಿಯಾಗಿ ಹೇಳೋದಕ್ಕೆ ನಿನಗೇನು ಕಷ್ಟ? ನಾನು ರೈಟ್ ಅನ್ನದೆ ಡ್ರೈವರ್ ಬಸ್ ಬಿಡ್ತಾನಾ? ಅವನು ಕನ್ನಡೀಲಿ ನೋಡ್ತಾನೇ ಇರ್ತಾನೆ, ಆದ್ರೂ ನಾನು ಅನ್ಬೇಕು. ಅಂದ್ರೇನೇ ಬಸ್ಸು."

"ರಬ್ಬರಿನ ಹತ್ರ ಏನು ಮಾತಾಡೋದು?"

"ಬಸ್ಸಿನ ಟೈರೂ ರಬ್ಬರೇ!"

"ಟೈರಿಗೆ ನೀವು ಧೈರ್ಯ ಹೇಳ್ತೀರಾ?"

ಮಾರನೆಯ ದಿನದಿಂದಲೇ ಮನೆಯಲ್ಲಿ ತಾಲೀಮು ಶುರುವಾಯಿತು. ಯಾರು ಏನು ಹೇಳಿದರೂ ಕೇಳಿದವರು ತಿರುಗಿ ಹೇಳಬೇಕು. "ಟೀ ಬೇಕು." "ಟೀ ಬೇಕು ಅಂತ ಕೇಳಿಸ್ತು." "ಟೀ ಕೊಟ್ಟೆ." "ಟೀ ಬಂತು." ಸ್ನಾನದ ಮನೆಯ ಬಾಗಿಲ ಹಿಂದಿನಿಂದ ಅಣ್ಣ, "ಸೋಪು ಮುಗಿದಿದೆ!" ಎಂದು ಕೂಗಿದರೆ ಪಕ್ಕದ ಮನೆಯವರೂ, "ಸೋಪು ಮುಗಿದಿದೆ ಅಂತ ಕೇಳಿಸ್ತು," ಎನ್ನುವಷ್ಟು ಪ್ರಗತಿಯಾಯಿತು. ನನ್ನನ್ನು ಮಂಚಕ್ಕೆ ಹಾಕಿ ದಿಂಬು ಕಟ್ಟಿದ್ದು ಆಗಲೇ. ಮುಂದುವರಿಯದವರು ಅತ್ತಿಗೆ ಒಬ್ಬರೇ. "ಸಹಾಯ ಬೇಕು" ಎಂಬ ಎರಡು ಮಾತನ್ನು ಅವರು ಗೋಡೆಯ ಹಲ್ಲಿಗೆ ಎಚ್ಚರವಾದೀತು ಎಂಬಂತೆ ಹೇಳುತ್ತಿದ್ದರು.

"ಇನ್ನೂ ಸ್ವಲ್ಪ ಜೋರಾಗಿ, ಅತ್ತಿಗೆ. ನಾನಿಲ್ಲಿ ಸಾಯ್ತಾ ಇದೀನಿ," ಎಂದೆ ಒಂದು ದಿನ.

"ನೀನು ಸತ್ರೆ ಸದ್ದಾಗತ್ತೆ ಬಿಡು, ಎಲ್ಲಾರೂ ತಾವಾಗೇ ಬರ್ತಾರೆ," ಎಂದರು. ಆಮೇಲೆ ದಿಂಬಿನ ಮೇಲಿನ ಕೈ ಹಾಗೇ ನಿಂತಿತು. "ಕೂಗಿದ್ರೆ ಬಾಣಂತಿ ಹೆದ್ರುತ್ತಾಳೆ ಕಣೋ. ನಾನು ಸುಮ್ನಿದ್ರೆ, ಏನೂ ಆಗಿಲ್ಲ ಅಂದ್ಕೊಂಡು ಅವಳೂ ಸುಮ್ನಿರ್ತಾಳೆ."

ನಾನು ದಿಂಬು ಸರಿಮಾಡಿಕೊಂಡು ಮತ್ತೆ ನರಳಿದೆ.

ಎರಡನೇ ಡ್ರಿಲ್‌ನ ದಿನ ಬೆಳಿಗ್ಗೆ ಡಾಕ್ಟರು ಪಕ್ಕದೂರಿನ ಆಸ್ಪತ್ರೆಗೆ ಹೋಗಿದ್ದರು. ಎರಡೂ ಆಸ್ಪತ್ರೆಗೆ ಅವರೊಬ್ಬರೇ. ರಬ್ಬರಮ್ಮನ ಗಂಡನಾಗಿ ಗಲಾಟೆ ಮಾಡಬೇಕಿದ್ದ ಆಸ್ಪತ್ರೆಯ ಗುಮಾಸ್ತನಿಗೆ ಗಂಟಲು ಕಟ್ಟಿತ್ತು. "ಕಿರಿಚೋಕೆ ಜನ ಬೇಕಾದ್ರೆ ನಮ್ಮನೇಲಿ ಒಬ್ಬ ಬಿಡುವಾಗಿದಾನೆ," ಎಂದು ಅತ್ತಿಗೆಯೇ ನನ್ನನ್ನು ಕರೆಸಿದರು. ಗಂಡಸರು ಒಳಗೆ ಬಾರದ ಆ ಕೋಣೆಗೆ ನಾನು ರಬ್ಬರಿನ ಗಂಡನಾಗಿ ಪ್ರವೇಶ ಪಡೆದೆ.

ಕೋಣೆಯಲ್ಲಿ ನಾವಿಷ್ಟೇ ಜನ. ಅದುಮುವ ಬುರುಡೆ ಹಿಡಿದು ರಬ್ಬರಮ್ಮನ ತಲೆಯ ಬಳಿ ಕೂತ ಮೇಡಂ. ಆಯಾ. ಆಮೇಲೆ ಕಿರಿಯ ನರ್ಸು. ಅವಳನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ಹೇಳಿದ್ದನ್ನೆಲ್ಲ ತಿರುಗಿ ಹೇಳುವ ಪದ್ಧತಿಯನ್ನು ಅವಳು ಎಷ್ಟು ಶ್ರದ್ಧೆಯಿಂದ ಹಿಡಿದುಕೊಂಡಿದ್ದಳೆಂದರೆ, ಹೋಟೆಲಿನಲ್ಲಿ ಮಾಣಿ ತಿಂಡಿಗಳ ಹೆಸರು ಹೇಳಿದರೆ ಅಷ್ಟನ್ನೂ ಒಪ್ಪಿಸಿ ಆಮೇಲೆ ಬರೀ ನೀರು ಕೇಳುತ್ತಿದ್ದಳಂತೆ. ಅತ್ತಿಗೆಗೆ ಅವಳ ಈ ಪಾಠ ಒಪ್ಪಿಸುವ ಚಾಳಿ ಕಂಡರೆ ಆಗುತ್ತಿರಲಿಲ್ಲ.

ಶುರುಮಾಡುವ ಮುಂಚೆ ಮೇಡಂ ನಗುತ್ತಾ, "ಇವತ್ತು ಗಂಡ ಒಬ್ರೇ ಅಲ್ಲ, ಇನ್ನೂ ಯಾರಾದ್ರೂ ಬಂದು ಗಮನ ತಪ್ಪಿಸ್ಬೋದು. ಯಾರು ಅಂತ ಹೇಳಲ್ಲ," ಎಂದರು. ಗಿಣಿ ನನ್ನ ಕಿವಿಯಲ್ಲಿ, "ಪಕ್ಕದೂರಲ್ಲಿ ಡ್ರಿಲ್ ನಡುವೆ ಒಬ್ಬರು ಸೋದರತ್ತೆ ಬಂದು ಕಕ್ಕಸು ಎಲ್ಲಿ ಅಂತ ಕೇಳಿದ್ರಂತೆ. ಅವರೂ ಪಾತ್ರ ಅಂತೆ ಸಾರ್!" ಎಂದಳು.

ಮೇಡಂ ಬುರುಡೆ ಅದುಮಿದರು. ಗುಲಾಬಿ ನೀರು ಹರಿಯಿತು. ಅತ್ತಿಗೆ ರಬ್ಬರಮ್ಮನ ಹೊಟ್ಟೆಯ ಮೇಲೆ ಕೈಯಿಟ್ಟರು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಮೇಡಂ ಪೆನ್ಸಿಲು ಎತ್ತಿಕೊಂಡರು. ನಾನು ನನ್ನ ಪಾತ್ರ ಮರೆತು, ಪರೀಕ್ಷೆಯ ಕೋಣೆಯ ಹೊರಗೆ ಕಾಯುವ ಅಪ್ಪನಂತೆ ನಿಂತುಬಿಟ್ಟೆ.

"ಸಹಾಯ ಬೇಕು," ಎಂದರು ಅತ್ತಿಗೆ. ಹಲ್ಲಿಯ ಮಟ್ಟ ದಾಟಿತ್ತು. ಮತ್ತೆ, "ಸಹಾಯ ಬೇಕು! ಹೆರಿಗೆ ಕೋಣೆಗೆ ಬನ್ನಿ!"

"ಸಹಾಯ ಬೇಕು ಅಂತ ಕೇಳಿಸ್ತು ದೊಡ್ಡ ಸಿಸ್ಟರ್, ಬಂದೆ!" ಎಂದಳು ಗಿಣಿ, ಪಕ್ಕದಲ್ಲೇ ನಿಂತು.

ಅಲ್ಲಿಂದ ಚಕ್ರ ಉರುಳತೊಡಗಿತು. ಅತ್ತಿಗೆ ಹೇಳುವುದು, ಗಿಣಿ ಒಪ್ಪಿಸುವುದು, ಆಯಾ ಓಡುವುದು. ಮೇಡಂ ತಲೆಯಾಡಿಸುತ್ತಾ ಹಾಳೆಗೆ ಒಂದೊಂದೇ ಗುರುತು ಹಾಕುತ್ತಿದ್ದರು. ಉತ್ಸಾಹ ಬಂದು ನಾನು, "ಅಯ್ಯೋ ನನ್ನ ಹೆಂಡತೀ! ಈ ಆಸ್ಪತ್ರೇನ ಸುಮ್ನೆ ಬಿಡಲ್ಲ!" ಎಂದು ಅಬ್ಬರಿಸಿದೆ. ಅತ್ತಿಗೆ ನನ್ನ ಮಣಿಕಟ್ಟು ಹಿಡಿದು ಕೈಯನ್ನು ರಬ್ಬರಮ್ಮನ ಹೊಟ್ಟೆಯ ಮೇಲೆ ಒತ್ತಿದರು.

"ಹೀಗೆ ತಿಕ್ಕಿ. ನಾನು ಹೇಳೋವರೆಗೂ ಕೈ ತೆಗೀಬೇಡಿ."

"ಕೈ ತೆಗೆಯಲ್ಲ," ಎಂದೆ. ಮೇಡಂ ನಕ್ಕು ಇನ್ನೊಂದು ಗುರುತು ಹಾಕಿದರು. ಇನ್ನೇನು, ಹೆರಿಗೆ ಕೋಣೆ ಅತ್ತಿಗೆಗೆ ಉಳಿದ ಹಾಗೆಯೇ.

ಆಗ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಕೈಯಲ್ಲಿ ನೀರಿನ ಲೋಟ.

"ಸಿಸ್ಟರ್, ಒಂದು ಗಳಿಗೆ ಬರ್ತೀರಾ?" ಎಂದಳು, ತೊಂದರೆ ಕೊಡುತ್ತಿದ್ದೇನಲ್ಲ ಎಂಬ ದನಿಯಲ್ಲಿ. "ನಮ್ಮ ಸೊಸೆ ಸುಮ್ನೆ ಮಲಗಿದಾಳೆ. ಮಗು ಅಳ್ತಾ ಇದ್ರೂ ಕಣ್ಣು ಬಿಡ್ತಿಲ್ಲ."

ಗಿಣಿ ನನ್ನತ್ತ ಕಣ್ಣು ಮಿಟುಕಿಸಿದಳು. "ಅಜ್ಜೀ, ಸ್ವಲ್ಪ ಇರಿ, ನಿಮ್ದೂ ಬರತ್ತೆ," ಎಂದಳು ಆಯಾ. ಡಾಕ್ಟರೇ ಗುಟ್ಟಾಗಿ ಏರ್ಪಾಡು ಮಾಡಿರಬೇಕೆಂದು ತಾನು ಎಣಿಸಿದ್ದಾಗಿ ಮೇಡಂ ಆಮೇಲೆ ಹೇಳಿದರು. ನನ್ನ ಮನಸ್ಸಿಗೆ ಬಂದದ್ದನ್ನು ಹೇಳಲು ನಾಚಿಕೆ: ಹೊಟ್ಟೆಕಿಚ್ಚು. ಎಷ್ಟು ಸಹಜ ಅಭಿನಯ! ಎದೆ ಬಡಿದುಕೊಳ್ಳುವುದಿಲ್ಲ, ಕೂಗುವುದಿಲ್ಲ. ಇವಳ ಮುಂದೆ ನನ್ನ ಅಬ್ಬರ ಬಯಲಾಟದ ರಾಕ್ಷಸನದು.

ಅತ್ತಿಗೆ ಮುದುಕಿಯ ಮುಖ ನೋಡಲಿಲ್ಲ. ನೆಲ ನೋಡಿದರು. ನಾನೂ ನೋಡಿದೆ. ವಾರ್ಡಿನಿಂದ ಬಾಗಿಲವರೆಗೆ ಬರಿಗಾಲಿನ ಹೆಜ್ಜೆಗುರುತು. ರಬ್ಬರಮ್ಮನ ರಕ್ತ ಶರಬತ್ತಿನ ಗುಲಾಬಿ. ಈ ಹೆಜ್ಜೆಗಳು ಆ ಬಣ್ಣದವಲ್ಲ.

ಡ್ರಿಲ್ ಬಿಟ್ಟು ಹೋದರೆ ಏನು ಕಳೆದುಕೊಳ್ಳಬೇಕೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತಿಗೆಗೆ ಅದು ನೆನಪಾಯಿತೋ ಇಲ್ಲವೋ, ಕಾಣೆ.

"ಡ್ರಿಲ್ ನಿಲ್ಲಿಸಿ! ಇದು ನಿಜ!"

ಕಿಟಕಿಯ ಗಾಜು ಝಲ್ಲೆಂದಿತು. ಕಟ್ಟಡದ ಆ ತುದಿಯ ಔಷಧಿ ಕೌಂಟರಿನವನು ಕೈಯಲ್ಲಿ ಮಾತ್ರೆಯ ಪಟ್ಟಿ ಹಿಡಿದುಕೊಂಡೇ ಓಡಿಬಂದ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅದು ಯಾರ ದನಿಯೆಂದು ನನಗೆ ಗೊತ್ತಾಗಲಿಲ್ಲ. ಅತ್ತಿಗೆ ಓಣಿ ದಾಟಿ ಆಗಲೇ ವಾರ್ಡಿನಲ್ಲಿದ್ದರು. ಗಿಣಿ, ಆಯಾ, ಮೇಡಂ ಎಲ್ಲರೂ ಹಿಂದೆಯೇ ನುಗ್ಗಿದರು. ಯಾರೋ ಹಾಸಿಗೆಯ ಸುತ್ತ ಪರದೆ ಎಳೆದರು.

ನಾನು ರಬ್ಬರಮ್ಮನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದೆ. ತೆಗಿ ಎಂದು ಯಾರೂ ಹೇಳಿರಲಿಲ್ಲ.

ಪರದೆ ಇದ್ದದ್ದು ಕಣ್ಣಿಗೆ, ಕಿವಿಗೆ ಇರಲಿಲ್ಲ. ತೆರೆದ ಬಾಗಿಲಿನಾಚೆಯಿಂದ ಒಂದೊಂದೂ ಕೇಳುತ್ತಿತ್ತು.

"ಹೊದಿಕೆ ಕೆಳಗೆಲ್ಲ ರಕ್ತ. ಗರ್ಭಕೋಶ ಮೆತ್ತಗಿದೆ, ಚೆಂಡಿನ ಹಾಗೆ ಗಟ್ಟಿ ಆಗಿಲ್ಲ. ತಿಕ್ತಾ ಇದೀನಿ. ಡಾಕ್ಟರಿಗೆ ಫೋನ್ ಮಾಡಿ."

"ಡಾಕ್ಟರಿಗೆ ಫೋನ್ ಮಾಡ್ತಿದೀನಿ!" ಇದು ಕೌಂಟರಿನವನು.

"ಗಿಣೀ, ಇಂಜೆಕ್ಷನ್ ತಾ."

"ಇಂಜೆಕ್ಷನ್ ತರ್ತೀನಿ!"

"ಡ್ರಿಪ್ ನಾನು ಹಾಕ್ತೀನಿ ಸಿಸ್ಟರ್," ಇದು ಮೇಡಂ.

ಪರದೆಯ ಹೊರಗೆ ಮುದುಕಿ ಲೋಟ ಹಿಡಿದು ನಿಂತಿದ್ದಳು. ನೀರು ಅವಳ ಕೈಮೇಲೆ ತುಳುಕುತ್ತಿತ್ತು.

ಗಿಣಿ ಗಾಳಿಯ ಹಾಗೆ ನಮ್ಮ ಕೋಣೆಗೆ ಬಂದು ಗಾಳಿಯ ಹಾಗೆಯೇ ಹೋದಳು. ಅವಳು ಹೋದ ಮೇಲೆ ಪಕ್ಕದ ಮೇಜಿನ ಕಡೆ ನನ್ನ ಕಣ್ಣು ಹೋಯಿತು. ಮೇಜು ಖಾಲಿ. ಹಳದಿ ಪಟ್ಟಿಯ ಟ್ರೇ ಅಲ್ಲಿರಲಿಲ್ಲ.

ಬರೀ ನೀರು, ಎಂದಿದ್ದರು ಮೇಡಂ.

ಕೂಗಬೇಕಿತ್ತು. ಕೂಗುವುದಕ್ಕೆಂದೇ ನನ್ನನ್ನು ಕರೆಸಿದ್ದರು. ಆದರೆ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಒಂದು ಮಾತಿಗೆ ಹತ್ತು ಮಾತು ಸೇರಿಸುವವನು ಬಾಯಿ ಬಿಟ್ಟುಕೊಂಡು ಮೀನಿನಂತೆ ನಿಂತೆ.

ಅತ್ತ ಅತ್ತಿಗೆಯೂ ಮಾತು ನಿಲ್ಲಿಸಿದ್ದರು. ರಕ್ತ ಜೋರಾದಾಗ ಅವರು ತಮ್ಮ ಹಳೆಯ ದಾರಿಗೆ ಮರಳಿದ್ದರಂತೆ. ಒಂದು ಕೈ ಬಾಣಂತಿಯ ಹೊಟ್ಟೆಯ ಮೇಲೆ, ಕಣ್ಣು ಅವಳ ಮುಖದ ಮೇಲೆ, ಇನ್ನೊಂದು ಕೈ ಹಿಂದಕ್ಕೆ ಚಾಚಿದ್ದು. ಗಡಿಯಾರದಂಗಡಿಯಲ್ಲಿ ಅಪ್ಪ ಚಾಚಿದ ಅಂಗೈಗೆ ತಪ್ಪು ಸಾಮಾನು ಬಂದದ್ದೇ ಇಲ್ಲ. ಸಿರಿಂಜು ಅಂಗೈಗೆ ಬಂತು. ಅತ್ತಿಗೆ ನೋಡಲಿಲ್ಲ. ಬಾಣಂತಿಯ ತೊಡೆಯ ಬಳಿಗೆ ತಂದರು.

"ಇಂಜೆಕ್ಷನ್ ಕೊಟ್ಟಿದೀನಿ ದೊಡ್ಡ ಸಿಸ್ಟರ್," ಗಿಣಿ ಪಾಠ ಒಪ್ಪಿಸಿದಳು, "ಹಳದಿ ಪಟ್ಟಿ ಟ್ರೇಯಿಂದ ತುಂಬಿ ಕೊಟ್ಟಿದೀನಿ."

ಪರದೆಯ ಒಳಗಿನಿಂದ ಮಗುವಿನ ಅಳು ಮಾತ್ರ ಕೇಳುತ್ತಿತ್ತು.

"ಎಲ್ಲಿಂದ ಅಂದೆ?"

"ಹಳದಿ..." ಎಂದಳು ಗಿಣಿ. ಆ ಮಾತು ಅಲ್ಲೇ ಮುರಿಯಿತು.

"ಅದು ನೀರು. ಫ್ರಿಜ್ಜಿನಿಂದ ತಾ. ಸೀಸೆ ಮೇಲಿರೋ ಹೆಸರು ಓದಿ ಹೇಳಿ ಕೊಡು."

"ಫ್ರಿಜ್ಜಿನಿಂದ ತರ್ತೀನಿ, ಹೆಸರು ಓದಿ ಹೇಳಿ ಕೊಡ್ತೀನಿ!" ಅಳುತ್ತಲೇ ಹೇಳಿದಳು, ಓಡುತ್ತಲೇ ಹೇಳಿದಳು. ವಾಪಸು ಬಂದು ಔಷಧಿಯ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಓದಿದಳು. ಅತ್ತಿಗೆ ಅದನ್ನು ತಿರುಗಿ ಹೇಳಿದರು. ಈ ಸಲ ತಲೆ ತಿರುಗಿಸಿ ಸೀಸೆಯನ್ನೂ ನೋಡಿದರು.

"ಚುಚ್ಚಿದೆ."

"ಡ್ರಿಪ್ ಓಡ್ತಾ ಇದೆ ಸಿಸ್ಟರ್."

"ಮೂತ್ರ ಕಟ್ಟಿದೆ, ಅದಕ್ಕೇ ಗರ್ಭಕೋಶ ಕುಗ್ತಿಲ್ಲ. ಕೊಳವೆ ಕೊಡಿ."

"ಕೊಳವೆ ಕೊಟ್ಟೆ, ಅಕ್ಕಾ," ಇದು ಆಯಾ.

ಆಮೇಲೆ ಯಾರೂ ಏನೂ ಹೇಳಲಿಲ್ಲ. ಅಷ್ಟು ಉದ್ದದ ಮೌನವನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಮೊದಲೆಲ್ಲ ಅತ್ತಿಗೆಯ ಮೌನವೆಂದರೆ ಏನೂ ಆಗಿಲ್ಲ ಎಂದು ಅರ್ಥ. ಈಗ ಅದೇ ಮೌನ ಎದೆಯ ಮೇಲೆ ಸಿಲಿಂಡರಿನಂತೆ ಕೂತಿತ್ತು. ಮಾತಾಡಿ ಅತ್ತಿಗೆ, ಏನಾದರೂ ಹೇಳಿ, ಎಂದು ಒಳಗೊಳಗೇ ಬೇಡಿಕೊಳ್ಳುತ್ತಾ ರಬ್ಬರಮ್ಮನ ಹೊಟ್ಟೆಯನ್ನು ನಾನು ಎಷ್ಟು ಜೋರಾಗಿ ತಿಕ್ಕಿದೆನೋ, ಗುಲಾಬಿ ನೀರು ಚಿಮ್ಮಿ ನನ್ನ ಬಿಳಿ ಅಂಗಿಗೆಲ್ಲ ಹರಡಿತು.

"ಗಟ್ಟಿಯಾಗ್ತಿದೆ," ಎಂದರು ಅತ್ತಿಗೆ. ಸ್ವಲ್ಪ ಹೊತ್ತು ಬಿಟ್ಟು, "ಗಟ್ಟಿಯಾಯ್ತು. ರಕ್ತ ನಿಲ್ತಾ ಇದೆ."

"ಗಟ್ಟಿಯಾಯ್ತು ಅಂತ ಕೇಳಿಸ್ತು," ಎಂದಳು ಗಿಣಿ.

ಪರದೆಯ ಹೊರಗಿನಿಂದ ಮುದುಕಿಯೂ, ಯಾರು ಕಲಿಸಿದರೋ, "ಗಟ್ಟಿಯಾಯ್ತು ಅಂತ ಕೇಳಿಸ್ತಮ್ಮಾ," ಎಂದಳು. ಆಗ ಅವಳ ಕೈಯಿಂದ ಲೋಟ ಬಿತ್ತು.

ಡಾಕ್ಟರು ಬರುವ ಹೊತ್ತಿಗೆ ಬಾಣಂತಿ ಕಣ್ಣು ಬಿಟ್ಟು, ಯಾಕೆ ಇಷ್ಟು ಜನ ಸೇರಿದ್ದಾರೆ ಎಂದು ಕೇಳಿದ್ದಳು. ಅವರು ನಾಡಿ ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು, ಡ್ರಿಪ್ಪಿಗೆ ಇನ್ನೊಂದು ಔಷಧಿ ಸೇರಿಸಿದರು. "ಸರಿಯಾಗಿದೆ," ಎಂದರು. ಆಯಾಳನ್ನು ಹಾಸಿಗೆಯ ಪಕ್ಕ ಕೂರಿಸಿ ಉಳಿದವರು ಹೆರಿಗೆ ಕೋಣೆಗೆ ಬಂದರು.

ಅತ್ತಿಗೆ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದರು. ಸೋಪು ಎರಡು ಸಲ ಜಾರಿ ಬಿತ್ತು. ಗಿಣಿ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

"ಏ ಗಿಣಿ, ಇಲ್ಲಿ ಬಾ," ಎಂದರು ಅತ್ತಿಗೆ. ಅವಳು ಬರಲಿಲ್ಲ.

"ನಾನು ನೀರು ಕೊಟ್ಟುಬಿಟ್ಟೆ, ದೊಡ್ಡ ಸಿಸ್ಟರ್."

"ಕೊಟ್ಟೆ. ನಾನು ನೋಡದೆ ಇಸ್ಕೊಂಡೆ. ನೀನು ಬಾಯಿ ಮುಚ್ಕೊಂಡಿದ್ರೆ ಅದನ್ನೇ ಚುಚ್ತಿದ್ದೆ." ನಲ್ಲಿ ನಿಲ್ಲಿಸಿದರು. "ಇನ್ಮೇಲೆ ನೀನು ಒಪ್ಪಿಸೋದನ್ನ ಯಾರಾದ್ರೂ ಆಡ್ಕೊಂಡ್ರೆ ನನ್ನ ಹತ್ರ ಕಳ್ಸು."

ಆಡಿಕೊಳ್ಳುವವರಲ್ಲಿ ಮೊದಲಿಗರು ಅವರೇ ಆಗಿದ್ದರಿಂದ ಗಿಣಿಗೆ ಅಳುವಿನ ನಡುವೆಯೂ ನಗು ಬಂತು.

"ಟ್ರೇಯನ್ನ ಕೈಗೆ ಸಿಗೋ ಹಾಗೆ ಇಟ್ಟಿದ್ದು ನನ್ನ ತಪ್ಪು," ಎಂದರು ಮೇಡಂ. ಅವರ ತೋಳಿನವರೆಗೂ ನಿಜವಾದ ರಕ್ತವಾಗಿತ್ತು. "ಇನ್ನು ಅದು ಬೀಗದೊಳಗೇ ಇರತ್ತೆ." ಕುರ್ಚಿಯ ಮೇಲೆ ಬಿದ್ದಿದ್ದ ಹಾಳೆ ಎತ್ತಿಕೊಂಡು ನಿಟ್ಟುಸಿರು ಬಿಟ್ಟರು. "ಆದ್ರೆ ಡ್ರಿಲ್ ಅರ್ಧಕ್ಕೇ ನಿಂತಿದೆ. ಅರ್ಧ ಡ್ರಿಲ್‌ಗೆ ಪಾಸು ಹಾಕಿದ್ರೆ ಮೇಲಿನವರು ಒಪ್ಪಲ್ಲ."

ಅತ್ತಿಗೆ ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡರು. ಕೋಣೆಯ ಬಿಳಿ ಟೈಲ್ಸುಗಳ ಮೇಲೆ ಒಮ್ಮೆ ಕಣ್ಣಾಡಿಸಿದರು.

"ಇನ್ನರ್ಧ ಆ ಹಾಸಿಗೆ ಮೇಲೆ ಆಗಿದೆಯಲ್ಲ ಮೇಡಂ," ಎಂದರು ಡಾಕ್ಟರು. "ಕೂಗಿದ್ದು ಪಕ್ಕದೂರಿನ ದಾರೀಲಿದ್ದ ನನಗೂ ಕೇಳಿಸ್ತೇನೋ ಅನ್ನಿಸ್ತು. ಎರಡನ್ನೂ ಸೇರಿಸಿ ಬರೀರಿ. ಕೇಳಿದ್ರೆ ಉತ್ತರ ನಾನು ಕೊಡ್ತೀನಿ."

ಮೇಡಂ ಪೆನ್ಸಿಲು ಹುಡುಕಿ ತೆಗೆದರು. ಒಂದೊಂದೇ ಸಾಲಿಗೆ ಗುರುತು ಹಾಕುತ್ತಾ ಬಂದರು. ಕೊನೆಯ ಸಾಲಿಗೆ ಬಂದು ಕೈ ನಿಂತಿತು. ತಲೆಯೆತ್ತಿದಾಗ ಅವರ ಕಣ್ಣಿಗೆ ಬಿದ್ದದ್ದು ನಾನು: ಅಂಗಿಯ ತುಂಬ ಗುಲಾಬಿ ಬಣ್ಣ, ಇನ್ನೂ ರಬ್ಬರಮ್ಮನ ಹೊಟ್ಟೆ ತಿಕ್ಕುತ್ತಿದ್ದೇನೆ.

"ಸಾರ್, ಡ್ರಿಲ್ ನಿಂತು ಎಷ್ಟೋ ಹೊತ್ತಾಯ್ತು!"

"ಕೈ ತೆಗಿ ಅಂತ ಯಾರೂ ಹೇಳ್ಲಿಲ್ಲ," ಎಂದೆ.

ಮೇಡಂ ನಗು ತಡೆದುಕೊಂಡು ಅತ್ತಿಗೆಯ ಕಡೆ ತಿರುಗಿದರು. "ಇದೊಂದು ಸಾಲು ತುಂಬದೆ ಪಾಸು ಹಾಕೋ ಹಾಗಿಲ್ಲ ಸಿಸ್ಟರ್. ಒಬ್ಬ ಪೇಷಂಟನ್ನ ಬಿಟ್ಟು ಇನ್ನೊಬ್ಬರ ಹತ್ರ ಹೋಗೋವಾಗ ಮೊದಲನೆಯವರನ್ನ ತಿಳಿದವರ ಕೈಗೆ ಒಪ್ಪಿಸಿ ಹೋಗ್ಬೇಕು. ನೀವು ಇವರನ್ನ ಯಾರಿಗೆ ಒಪ್ಪಿಸಿ ಹೋದ್ರಿ?"

ಅತ್ತಿಗೆ ಟವೆಲು ಮಡಚಿ ಮೊಳೆಗೆ ಹಾಕಿದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

"ಅವಳ ಗಂಡನಿಗೆ," ಎಂದರು. "ಅವರು ಹೆತ್ತು ಅನುಭವ ಇರೋರು."